ಕೃಷ್ಣನಿಗೆ ಆಕಾಶ, ನಮಗೆ ನೆಲ

ನಮ್ಮ ಮನೆಯಲ್ಲಿ ಕಾರ್ನ್‌ಫ್ಲೇಕ್ಸ್ ತಿನ್ನುವವರು ಯಾರೂ ಇಲ್ಲ. ನಮ್ಮ ಇವರಿಗೆ ಬೆಳಿಗ್ಗೆ ದೋಸೆಯೋ ಉಪ್ಪಿಟ್ಟೋ, ಅಂತೂ ಬಿಸಿಯಾದದ್ದು ಬೇಕು. ಮಗಳು ಅದಿತಿಗೆ ಒಂದು ಬ್ರೆಡ್ ತುಂಡು ಸಾಕು, ಅದನ್ನೂ ಲಿಫ್ಟಿನಲ್ಲಿ ಇಳಿಯುತ್ತಾ ತಿನ್ನುತ್ತಾಳೆ. ನನಗಂತೂ ಕಾರ್ನ್‌ಫ್ಲೇಕ್ಸ್ ಕಂಡರೇ ಆಗುವುದಿಲ್ಲ. ಒಣಗಿದ ಎಲೆಯನ್ನು ಹಾಲಿನಲ್ಲಿ ನೆನೆಸಿ ತಿಂದ ಹಾಗೆ. ಆದರೂ ಗುದೈಬಿಯಾದ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ, ಅವಲಕ್ಕಿ ಡಬ್ಬಿಯ ಪಕ್ಕದಲ್ಲಿ, ಅದರದೊಂದು ಪೆಟ್ಟಿಗೆ ಯಾವಾಗಲೂ ಇರುತ್ತದೆ. ಮುಗಿಯುತ್ತಾ ಬಂದರೆ ಕೆಳಗಿನ ಕೋಲ್ಡ್ ಸ್ಟೋರಿಗೆ ನಾನೇ ಹೋಗಿ ತರುತ್ತೇನೆ. ಕೋಲ್ಡ್ ಸ್ಟೋರ್ ಎಂದರೆ ಬಹರೈನಿನಲ್ಲಿ ನಮ್ಮ ಗಲ್ಲಿಯ ಜಿನಸಿ ಅಂಗಡಿ. ಅಲ್ಲಿಯ ಮಲಯಾಳಿ ಕಾಕಾ ಒಮ್ಮೆ ಕೇಳಿದರು, "ಮಗಳಿಗಾ?" ಎಂದು. "ಅಲ್ಲ, ಮಗನಿಗೆ" ಎಂದೆ. ನನಗೆ ಮಗನಿಲ್ಲ ಎಂದು ಅವರಿಗೆ ಗೊತ್ತು. ಪಾಪ, ಹೆಚ್ಚು ಕೇಳಲಿಲ್ಲ.

ಮಗ ಎಂದರೆ ಕೃಷ್ಣ. ಹೆಬ್ಬೆರಳಿಗಿಂತ ಸ್ವಲ್ಪ ಎತ್ತರ, ಅಂಬೆಗಾಲಿಕ್ಕಿದ ಭಂಗಿ, ಬಲಗೈಯಲ್ಲಿ ಬೆಣ್ಣೆಯ ಉಂಡೆ, ಹಿತ್ತಾಳೆಯ ಮೈ. ಮದುವೆಯಾಗಿ ನಾನು ಇಲ್ಲಿಗೆ ಹೊರಟಾಗ ಅತ್ತೆ ತಮ್ಮ ದೇವರ ಪೀಠದಿಂದ ಎತ್ತಿ ನನ್ನ ಸೆರಗಿಗೆ ಹಾಕಿದ್ದರು. "ಇವನನ್ನು ಉಪವಾಸ ಕೆಡವಬೇಡ, ರಾತ್ರಿ ಮಲಗಿಸದೆ ನೀನು ಮಲಗಬೇಡ" ಎಂದಷ್ಟೇ ಹೇಳಿದ್ದು. ಅಂದಿನಿಂದ ಬೆಳಿಗ್ಗೆ ಮಿಂದು ಅವಲಕ್ಕಿ, ಬೆಲ್ಲ, ಹಾಲು. ಸಂಜೆ ದೀಪ ಹಚ್ಚಿ ಒಂದು ಹಾಡು, ಆಮೇಲೆ ಅಂಗೈ ಅಗಲದ ಹಾಸಿಗೆಯಲ್ಲಿ ಮಲಗಿಸಿ ಹೊದಿಕೆ. ನನಗೆ ಜ್ವರ ಬಂದರೆ ಇವರು ಮಾಡುತ್ತಾರೆ. ಇವರ ಹಾಡು ಕೇಳಿದರೆ ಕೃಷ್ಣ ನಿದ್ದೆ ಹೋಗುವುದು ಕಷ್ಟ, ಆದರೂ ನಡೆದುಕೊಂಡು ಬಂದಿದೆ.

ಎರಡು ವರ್ಷ ಬಿಟ್ಟು ನನ್ನ ಮೈದುನ ಹರೀಶನ ಮದುವೆಯಾಯಿತು, ವೀಣಾ ಬಂದಳು. ನನ್ನ ಓರಗಿತ್ತಿ. ಅವಳೂ ಬಹರೈನಿಗೇ ಹೊರಟಾಗ ಅತ್ತೆಯ ಪೀಠದ ಮುಂದೆ ನಿಂತು ಕೇಳಿಯೇಬಿಟ್ಟಳು, "ಅತ್ತೆ, ನನಗೆ ಕೃಷ್ಣ ಇಲ್ವಾ?" ಅತ್ತೆ ಅವಳಿಗೆ ಬೆಳ್ಳಿಯ ಕುಂಕುಮ ಭರಣಿ ಕೊಟ್ಟರು. ಬೆಳ್ಳಿಗೆ ಹಿತ್ತಾಳೆಗಿಂತ ಬೆಲೆ ಹೆಚ್ಚು. ಆದರೂ ನನ್ನ ಮನೆಗೆ ಬಂದಾಗಲೆಲ್ಲ ಅವಳು ಮೊದಲು ಹೋಗುವುದು ದೇವರ ಕಪಾಟಿನ ಕಡೆಗೆ. "ಅಯ್ಯೋ, ಸಣ್ಣಗಾಗಿದ್ದಾನಲ್ಲ ಅಕ್ಕ" ಎನ್ನುತ್ತಾಳೆ. ಹಿತ್ತಾಳೆ ಹೇಗೆ ಸಣ್ಣಗಾಗುತ್ತದೆ ಹೇಳಿ.

ನನ್ನದು ಸ್ವಲ್ಪ ಹೊಟ್ಟೆಕಿಚ್ಚಿನ ಸ್ವಭಾವ. ದೇವರಿಗೆ ದಿನವೂ ಹೇಳುತ್ತಿದ್ದೇನೆ, ನಿಮಗೆ ಹೇಳಲಿಕ್ಕೆ ಎಂಥ ನಾಚಿಕೆ. ಅದು ಶುರುವಾದದ್ದು ಒಂದು ಚಾಕೊಲೇಟಿನ ಕಾಗದದಿಂದ. ನಾನು ಸಣ್ಣವಳಿರುವಾಗ ನನ್ನ ಕ್ಲಾಸಿನಲ್ಲಿ ಜೊಹರಾ ಎಂಬ ಹುಡುಗಿ ಇದ್ದಳು, ಅವಳ ಅಪ್ಪ ಗಲ್ಫಿನಲ್ಲಿದ್ದರು. ಅವರು ಬಂದಾಗ ವಿಮಾನದಲ್ಲಿ ಕೊಟ್ಟ ಚಾಕೊಲೇಟ್ ತರುತ್ತಿದ್ದರು. ಚಾಕೊಲೇಟ್ ಅವಳು ಮನೆಯಲ್ಲೇ ತಿಂದು ಬರುತ್ತಿದ್ದಳು. ಬಂಗಾರದ ಬಣ್ಣದ ಕಾಗದವನ್ನು ಪುಸ್ತಕದಲ್ಲಿಟ್ಟು ತಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮೂಸಲು ಕೊಡುತ್ತಿದ್ದಳು. "ಜೋರು ಎಳೀಬೇಡ, ಪರಿಮಳ ಮುಗಿದುಹೋಗ್ತದೆ" ಎನ್ನುತ್ತಿದ್ದಳು. ನಾನು ಎಲ್ಲರಿಗಿಂತ ಜೋರಾಗಿ ಎಳೆಯುತ್ತಿದ್ದೆ, ಮುಗಿಯಲಿ ಎಂದೇ. ಬಜಪೆಯ ಕಡೆಗೆ ಇಳಿಯುವ ವಿಮಾನ ನಮ್ಮ ಶಾಲೆಯ ಮೇಲೆ ಹೋಗುವಾಗ ಎಲ್ಲರೂ ಟಾಟಾ ಮಾಡುತ್ತಿದ್ದರು. ನಾನು ಮಾಡುತ್ತಿರಲಿಲ್ಲ. ಒಳಗೆ ಕೂತವರಿಗೆ ಟಾಟಾ ಬೇರೆ ಯಾಕೆ, ಚಾಕೊಲೇಟ್ ಸಿಕ್ಕಿದೆಯಲ್ಲ. ಮುಂದೆ ನಾನೇ ವಿಮಾನ ಹತ್ತಿದಾಗ ಕೊಟ್ಟ ಚಾಕೊಲೇಟನ್ನು ಊರಿಗೆ ತೋರಿಸಲೆಂದು ಪರ್ಸಿನಲ್ಲಿಟ್ಟೆ. ಬಹರೈನಿನ ಸೆಕೆಗೆ ಅದು ಕರಗಿ ಪಾಸ್‌ಪೋರ್ಟಿಗೆ ಅಂಟಿತು. ಇವರು ಪಾಸ್‌ಪೋರ್ಟ್ ಆಫೀಸಿನಲ್ಲಿ ಏನು ಹೇಳಿದರೋ ಇಂದಿಗೂ ನನಗೆ ಹೇಳಿಲ್ಲ.

ವೀಣಾಳ ಬಗ್ಗೆ ಹೊಟ್ಟೆಕಿಚ್ಚು ಪಡಲಿಕ್ಕೆ ಬೇಕಾದಷ್ಟಿದೆ. ಈಸಾ ಟೌನಿನಲ್ಲಿ ಮೆಟ್ಟಿಲಿರುವ ಮನೆ. ಹರೀಶ ಮ್ಯಾನೇಜರ್. ಮಗ ಮಂಗಳೂರಿನಲ್ಲಿ ಓದುತ್ತಿದ್ದಾನೆ, ಅಮ್ಮನಿಗೆ ದಿನಾ ಫೋನ್ ಮಾಡುತ್ತಾನೆ. ಅವಳು ಕಾರು ಓಡಿಸುತ್ತಾಳೆ, ಮೊದಲ ಟೆಸ್ಟಿನಲ್ಲೇ ಪಾಸು. ನಾನು ಟೆಸ್ಟಿನಲ್ಲಿ ರೌಂಡ್‌ಅಬೌಟಿನ ನಡುವೆ ಗಾಡಿ ನಿಲ್ಲಿಸಿ ಕಣ್ಣು ಮುಚ್ಚಿ ಕೃಷ್ಣನನ್ನು ನೆನೆದೆ. ಪಕ್ಕದಲ್ಲಿದ್ದ ಪೊಲೀಸರು ಬಹಳ ಮರ್ಯಾದೆಯಿಂದ ಇಳಿಯಲು ಹೇಳಿದರು. ಯಾರಿಗೂ ಪೆಟ್ಟಾಗಲಿಲ್ಲ, ಅದೇ ದೊಡ್ಡ ಉಪಕಾರ.

ಇಷ್ಟೆಲ್ಲ ಇದ್ದರೂ ಕೃಷ್ಣ ಮಾತ್ರ ನನ್ನವನು. ಅದೊಂದು ಸಮಾಧಾನದಲ್ಲಿ ನಾನು ಅವಳ ಹತ್ತಿರ ಚೆನ್ನಾಗಿಯೇ ಇದ್ದೆ.

ಹಾಗಿರುವಾಗ ಕೊಲ್ಲಿಯಲ್ಲಿ ಯುದ್ಧ ಶುರುವಾಯಿತು. ಯಾರದ್ದು, ಯಾಕೆ ಎಂಬುದನ್ನೆಲ್ಲ ತಿಳಿದವರು ಹೇಳುತ್ತಾರೆ. ನನಗೆ ತಿಳಿದದ್ದು ಕಿಟಕಿಯ ಗಾಜು ಮಾತ್ರ. ಅದು ಅದುರಿದರೆ ದೂರದಲ್ಲಿ, ಅದುರಿ ಸದ್ದು ಮಾಡಿದರೆ ಹತ್ತಿರದಲ್ಲಿ. ಶಾಲೆ ಕಂಪ್ಯೂಟರಿನೊಳಗೆ ಹೋಯಿತು. ವಿಮಾನಗಳು ನಿಂತವು. ಸಿತ್ರಾದ ಪ್ಲಾಂಟಿನಲ್ಲಿ ಇವರ ಶಿಫ್ಟು ಮಾತ್ರ ನಿಲ್ಲಲಿಲ್ಲ, ಕಂಪನಿ ಬಸ್ಸು ಎಂದಿನಂತೆ ಬಂದು ಕರೆದುಕೊಂಡು ಹೋಗುತ್ತಿತ್ತು. ಸೈರನ್ ಆದ ಕೂಡಲೇ ಅದಿತಿ ದಿಂಬು ಹಿಡಿದು ಬಾತ್‌ರೂಮಿಗೆ ಓಡುತ್ತಿದ್ದಳು, ಅಲ್ಲಿ ಕಿಟಕಿ ಇಲ್ಲ ಎಂದು. ಆಮೇಲಾಮೇಲೆ ಸೈರನ್ ಇಲ್ಲದಾಗಲೂ ಅಲ್ಲೇ ಕೂತು ಓದತೊಡಗಿದಳು. ಹತ್ತನೇ ಕ್ಲಾಸಿನ ಹುಡುಗಿ, ಬಕೆಟ್ ಮಗುಚಿ ಹಾಕಿ ಅದರ ಮೇಲೆ ಪುಸ್ತಕ.

ಒಂದು ಸಂಜೆ ಹರೀಶ ಮತ್ತು ವೀಣಾ ಬಂದರು. ಹರೀಶ ಕೂತವನೇ, "ಅಣ್ಣ, ನಮ್ಮ ಕಂಪನಿ ಫ್ಯಾಮಿಲಿಗಳಿಗೆ ಸ್ಪೆಷಲ್ ಫ್ಲೈಟ್ ಮಾಡ್ತಾ ಉಂಟು. ಅತ್ತಿಗೆಗೂ ಅದಿತಿಗೂ ಸೀಟ್ ಹೇಳಿದ್ದೇನೆ" ಎಂದ.

"ಹೊರಡುದು ಯಾವಾಗ?" ಎಂದರು ಇವರು.

"ಏರ್‌ಪೋರ್ಟ್ ಓಪನ್ ಆದ ಕೂಡ್ಲೇ. ನಾಳೆಯೂ ಆಗ್ಬಹುದು, ಎಂಟು ದಿನವೂ ಆಗ್ಬಹುದು."

"ನಮ್ಮ ಪ್ಲಾಂಟಿನವರ ಬಸ್ಸು ನಾಳೆ ಬೆಳಿಗ್ಗೆಯೇ ಉಂಟು. ಕಾಸ್‌ವೇ ಸೇತುವೆ ದಾಟಿ ಸೌದಿ, ದಮ್ಮಾಮಿನಿಂದ ಪ್ಲೇನ್. ವೀಸಾ ಎಲ್ಲ ಅವರೇ ಮಾಡ್ತಾರೆ."

"ಬಸ್ಸಲ್ಲಿ ಎಂತಕ್ಕೆ ಭಾವ?" ಎಂದಳು ವೀಣಾ. "ಬಾರ್ಡರಲ್ಲಿ ಇಷ್ಟುದ್ದ ಕ್ಯೂ ಅಂತೆ. ಅಕ್ಕ ನಮ್ಮೊಟ್ಟಿಗೆ ಬರ್ಲಿ, ಆರಾಮದಲ್ಲಿ."

ಆ 'ಆರಾಮದಲ್ಲಿ' ನನಗೆ ಚುಚ್ಚಿತು. ಅವಳ ಗಂಡನ ಕಂಪನಿ, ಅವಳ ಗಂಡನ ವಿಮಾನ, ನನಗೆ ಅದರಲ್ಲೊಂದು ಸೀಟು. ಆದರೂ ಹೂಂ ಎನ್ನಲಿಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಸೈರನ್ ಆಯಿತು. ಅದಿತಿ ಎದ್ದು ಓಡಿದಳು, ಬಾಗಿಲ ಚಿಲಕದ ಸದ್ದು ಕೇಳಿಸಿತು. ನಾವು ನಾಲ್ವರು ದೊಡ್ಡವರು ಪ್ಯಾಸೇಜಿನಲ್ಲಿ ಗೋಡೆಗೆ ಒರಗಿ ನಿಂತೆವು. ಒಳಗಿನಿಂದ ಅವಳು ನಡುಗುವ ದನಿಯಲ್ಲಿ ಇತಿಹಾಸದ ಪಾಠ ಗಟ್ಟಿಯಾಗಿ ಓದುವುದು ಕೇಳುತ್ತಿತ್ತು.

ಎಲ್ಲ ನಿಂತ ಮೇಲೆ ನಾನು, "ಬಸ್ಸೇ ಆಗಲಿ" ಎಂದೆ. "ಆಕಾಶ ತೆರೆಯುವವರೆಗೆ ಇವಳನ್ನು ಕಾಯಿಸಲಿಕ್ಕಾಗುದಿಲ್ಲ. ನೆಲ ಆದ್ರೆ ನಾಳೆಯೇ ಉಂಟು."

ಆಗ ಇವರು ದೇವರ ಕಪಾಟಿನ ಕಡೆ ನೋಡಿದರು. "ಮತ್ತೆ ಕೃಷ್ಣ?"

ಸೌದಿಯ ದಾರಿಯಲ್ಲಿ ವಿಗ್ರಹ ಕೊಂಡುಹೋಗಬಾರದು ಎನ್ನುವುದು ನಾನು ಇಲ್ಲಿಗೆ ಬಂದಂದಿನಿಂದ ಕೇಳಿದ ಮಾತು. ಈಗಲೂ ಹಾಗೆಯೋ, ಅದು ಹಿಂದಿನ ಕಾಲದ ಕಥೆಯೋ, ಸರಿಯಾಗಿ ಯಾರಿಗೂ ಗೊತ್ತಿಲ್ಲ. ಆ ಸಂಜೆ ಫೋನಿನಲ್ಲಿ ಕೇಳಿದವರಲ್ಲಿ ಒಬ್ಬರು ಅಕ್ಕಿಯೊಳಗೆ ಹೂತಿಡಿ ಎಂದರು, ಇನ್ನೊಬ್ಬರು ಈಗ ಯಾರೂ ನೋಡುವುದಿಲ್ಲ ಎಂದರು. ಇವರು ಮಾತ್ರ, "ನಮ್ಮಿಂದಾಗಿ ಒಂದು ಬಸ್ಸು ಜನ ಬಾರ್ಡರಲ್ಲಿ ನಿಲ್ಲುದು ಬೇಡ ಮಾರಾಯ್ತಿ" ಎಂದರು. ಅದು ಸರಿಯಾದ ಮಾತು. ಆದರೆ ಸರಿಯಾದ ಮಾತು ಕೇಳಿದರೆ ನನಗೆ ಅಳು ಬರುತ್ತದೆ.

"ನನಗೆ ಕೊಡಿ ಅಕ್ಕ, ನಾನು ಫ್ಲೈಟಲ್ಲಿ ತರ್ತೇನೆ" ಎಂದಳು ವೀಣಾ. ಅವಳು ಹೇಳುವ ಮೊದಲೇ ಅವಳ ಕೈ ಮುಂದೆ ಬಂದದ್ದನ್ನು ನಾನು ನೋಡಿದ್ದೆ.

ಮಗಳಿಗೆ ನೆಲ, ಕೃಷ್ಣನಿಗೆ ಆಕಾಶ. ಬೇರೆ ದಾರಿ ಇರಲಿಲ್ಲ. ಅವನನ್ನು ಒರೆಸಿ, ಬೊಟ್ಟಿಟ್ಟು, ಕೊಡುವಾಗ ಎಲ್ಲ ಹೇಳಿದೆ. ಅವಲಕ್ಕಿ ತೊಳೆದು ಇಡಬೇಕು, ಹಾಲು ಉಗುರುಬೆಚ್ಚಗಿರಬೇಕು, ಹಾಡು ಫೋನಿನಲ್ಲಿ ಹಾಕುವುದಲ್ಲ, ಬಾಯಿಯಲ್ಲಿ ಹೇಳಬೇಕು.

"ಆಯ್ತು ಅಕ್ಕ."

"ಮೀಯದೆ ಮುಟ್ಟಬೇಡ."

"ನಾನು ದಿನಾ ಮೀಯ್ತೇನೆ ಅಕ್ಕ."

ಇವರು ಮುಖ ಆ ಕಡೆ ತಿರುಗಿಸಿ ಕೆಮ್ಮಿದರು. ವೀಣಾ ಅವನನ್ನು ತನ್ನ ದುಪಟ್ಟಾದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದಳು. ಕಿಟಕಿಯಿಂದ ನೋಡಿದೆ. ಕಾರಿನಲ್ಲಿ ಕೂತು ಮೊದಲು ಅವನನ್ನು ಮಡಿಲಿಗೆ ಸರಿ ಮಾಡಿಕೊಂಡು, ಆಮೇಲೆ ಬೆಲ್ಟು ಹಾಕಿಕೊಂಡಳು. ಬೆಲ್ಟಿನ ಒಳಗೆ ಇಬ್ಬರೂ.

ಮರುದಿನ ಬೆಳಿಗ್ಗೆ ಇವರು ನಮ್ಮನ್ನು ಬಸ್ಸು ಹತ್ತಿಸಿ, ಕಿಟಕಿಯ ಗಾಜಿಗೆ ಕೈ ಇಟ್ಟು, ಹಾಗೇ ಶಿಫ್ಟಿಗೆ ಹೋದರು. ಬಸ್ಸು ಸಮುದ್ರದ ಮೇಲೆ ನಿಧಾನಕ್ಕೆ ಹರಿಯಿತು. ನಡುವಿನ ದ್ವೀಪದಲ್ಲಿ ಬಾರ್ಡರಿನ ಕಟ್ಟೆ. ವೀಣಾ ಹೇಳಿದಷ್ಟೇ ಉದ್ದದ ಕ್ಯೂ, ಅದರಲ್ಲೂ ಅವಳದ್ದೇ ಗೆಲುವು. ಬ್ಯಾಗುಗಳನ್ನು ಇಳಿಸಿ ಸಾಲಾಗಿ ಇಡಲು ಹೇಳಿದರು. ಅಧಿಕಾರಿ ಸಣ್ಣ ಪ್ರಾಯದವನು, ಕಣ್ಣಿನಲ್ಲಿ ನಿದ್ದೆ ತುಂಬಿತ್ತು. ನನ್ನ ಬ್ಯಾಗಿನ ಜಿಪ್ ಎಳೆದ. ಎಲ್ಲಕ್ಕಿಂತ ಮೇಲೆ ಕಂಡದ್ದು ಕೃಷ್ಣನ ಹಾಸಿಗೆ, ಪುಟ್ಟ ದಿಂಬು, ಹೊದಿಕೆ. ಗಡಿಬಿಡಿಯಲ್ಲಿ ಕೃಷ್ಣನನ್ನು ಕೊಟ್ಟು ಹಾಸಿಗೆ ನಾನೇ ಕಟ್ಟಿಕೊಂಡು ಬಂದಿದ್ದೆ.

ಅವನು ಹೊದಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಇಂಗ್ಲಿಷಿನಲ್ಲಿ, "ಮಗುವಿನದ್ದಾ?" ಎಂದ.

"ಹೌದು, ಮಗುವಿನದ್ದು" ಎಂದೆ. ಸುಳ್ಳಲ್ಲವಲ್ಲ.

ಅವನು ಆಚೀಚೆ ನೋಡಿದ. "ಮಗು ಎಲ್ಲಿ?"

ಅದಿತಿ ನನಗಿಂತ ಮೊದಲು ಹೇಳಿದಳು, "ಪ್ಲೇನಲ್ಲಿ ಬರ್ತಾನೆ. ಆಂಟಿ ಜೊತೆ."

"ಅಮ್ಮ ಇಲ್ಲದೆ?" ಎಂದು ಅವನು ನನ್ನ ಮುಖ ನೋಡಿದ. ಬೈಗುಳವಲ್ಲ, ಕೇಳಿದ್ದಷ್ಟೇ. ಆಮೇಲೆ ಹೊದಿಕೆಯನ್ನು ಮೊದಲಿದ್ದ ಹಾಗೇ ಮಡಚಿಟ್ಟು, ಜಿಪ್ ತಾನೇ ಎಳೆದು, ಅದಿತಿಗೆ ಒಂದು ನೀರಿನ ಬಾಟಲಿ ಕೊಟ್ಟು, "ಇನ್ಶಾ ಅಲ್ಲಾ, ಬರ್ತಾನೆ. ಯಲ್ಲಾ, ಹೋಗಿ" ಎಂದ. ಅಡಿಯಲ್ಲಿ ಏನಿದೆ ಎಂದು ನೋಡಲೇ ಇಲ್ಲ. ಹೆಬ್ಬೆರಳಷ್ಟು ಕೃಷ್ಣ ಆ ಹಾಸಿಗೆಯಡಿಯಲ್ಲೇ ಮಲಗಿಕೊಂಡು ಬರಬಹುದಿತ್ತು. ದಮ್ಮಾಮಿನವರೆಗೆ ನಾನು ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ಅದನ್ನೇ ನೆನೆಯುತ್ತಾ ಕೂತೆ. ಅದಿತಿ ನನ್ನ ಭುಜಕ್ಕೆ ತಲೆಯಿಟ್ಟು ಎಷ್ಟೋ ದಿನದ ನಿದ್ದೆಯನ್ನು ಒಮ್ಮೆಲೇ ಮಾಡಿದಳು. ಆ ನಿದ್ದೆಯ ಉಪಕಾರವನ್ನು ಮರೆಯಬಾರದು, ಮರೆಯುವುದಿಲ್ಲ.

ಉಡುಪಿಯಲ್ಲಿ ಅತ್ತೆ ನನ್ನ ನಾದಿನಿಯ ಮನೆಯಲ್ಲಿರುತ್ತಾರೆ. ಬಾಗಿಲಲ್ಲೇ ನಿಂತಿದ್ದರು. ಅದಿತಿಯ ಕೆನ್ನೆ ಮುಟ್ಟಿ ನೋಡಿದರು, ನನ್ನ ತಲೆ ನೇವರಿಸಿದರು. ಆಮೇಲೆ ನನ್ನ ಕೈ ನೋಡಿದರು.

"ಕೃಷ್ಣ ಎಲ್ಲಿ?"

"ವೀಣಾ ತರ್ತಾಳೆ ಅತ್ತೆ. ವಿಮಾನದಲ್ಲಿ."

"ನೀನು ಕೊಟ್ಟದ್ದಾ, ಅವಳು ಕೇಳಿದ್ದಾ?"

ಎಂಬತ್ತು ದಾಟಿದರೂ ಎಲ್ಲಿ ಒತ್ತಬೇಕೆಂದು ಅತ್ತೆಗೆ ಗೊತ್ತು.

ವಿಮಾನ ಹೊರಡಲಿಲ್ಲ. ನಾಳೆ ಎಂದರು, ನಾಡಿದ್ದು ಎಂದರು, ಕೊನೆಗೆ ಕಂಪನಿಯೇ ಕೈಬಿಟ್ಟು ಬಸ್ಸು ಮಾಡಿತು. ವೀಣಾ ಫೋನ್ ಮಾಡಿದಳು.

"ಅಕ್ಕ, ಬಸ್ಸಿಗೆ ಹೇಳ್ತಾ ಇದ್ದಾರೆ. ನಾನು ಹೋಗುದಿಲ್ಲ ಅಂದೆ."

"ಎಂತಕ್ಕೆ? ನಮ್ಮ ಬ್ಯಾಗ್ ಅವರು ನೋಡ್ಲೇ ಇಲ್ಲ. ಧೈರ್ಯದಲ್ಲಿ ಬಾ."

"ನಿಮ್ಮದು ನೋಡ್ಲಿಲ್ಲ. ನನ್ನದು ನೋಡಿದ್ರೆ? ತೆಗೆದಿಡಿ ಅಂದ್ರೆ ನಾನು ನಿಮ್ಮ ಮುಖ ನೋಡುದು ಹೇಗೆ?" ಮತ್ತೆ ಅಂದಳು, "ಒಬ್ಬನನ್ನೇ ಮನೆಯಲ್ಲಿ ಬೀಗ ಹಾಕಿ ಬರ್ಲಿಕ್ಕೂ ಆಗುದಿಲ್ಲ. ನಾನು ಇರ್ತೇನೆ. ಇವರಿಗೂ ಭಾವನಿಗೂ ಊಟ ಆಗ್ತದೆ."

ನಾನು ಬಿಟ್ಟು ಬಂದವನಿಗಾಗಿ ಅವಳು ನಿಂತಳು. ಇಂಥದ್ದಕ್ಕೆ ಹೊಟ್ಟೆಕಿಚ್ಚು ಪಡಬಹುದೇ? ಪಟ್ಟೆ. ಸೀರೆ, ಕಾರು, ಮೆಟ್ಟಿಲಿನ ಮನೆ, ಇವಕ್ಕೆಲ್ಲ ಪಟ್ಟದ್ದು ಏನೂ ಅಲ್ಲ.

ಆಮೇಲೆ ದಿನಾ ಬೆಳಿಗ್ಗೆ ವಾಟ್ಸ್ಯಾಪಿನಲ್ಲಿ ಕೃಷ್ಣನ ಫೋಟೋ ಬರತೊಡಗಿತು. ಬೊಟ್ಟು ಸೊಟ್ಟ. ತುಳಸಿ ಇಲ್ಲ, ಅದರ ಬದಲು ಪುದೀನ ಎಲೆ. ಒಂದು ದಿನ ಮುಂದಿಟ್ಟ ಬಟ್ಟಲಲ್ಲಿ ಏನೋ ಹಳದಿ ಬಣ್ಣದ್ದು ಕಂಡಿತು. ದೊಡ್ಡದು ಮಾಡಿ ನೋಡಿದರೆ ಕಾರ್ನ್‌ಫ್ಲೇಕ್ಸ್.

"ಅಂಗಡಿಯಲ್ಲಿ ಅವಲಕ್ಕಿ ಮುಗಿದಿದೆ ಅಕ್ಕ. ಇದೂ ಹಾಗೆಯೇ ಅಲ್ವಾ, ಚಪ್ಪಟೆ. ಖುಷಿಯಲ್ಲಿದ್ದಾನೆ."

ಅತ್ತೆ ಕನ್ನಡಕ ಹಾಕಿ ಫೋಟೋ ನೋಡಿದರು. "ಮೈ ಬಂದಿದೆ ಅವನಿಗೆ" ಎಂದರು. ಹಿತ್ತಾಳೆ ನನ್ನ ಮನೆಯಲ್ಲಿ ಸಣ್ಣಗಾಗಿತ್ತು, ಅಲ್ಲಿ ಹೋಗಿ ದಪ್ಪಗಾಯಿತು. ಇವರು ಫೋನಿನಲ್ಲಿ, "ವೀಣಾ ಇವತ್ತು ಬಸಳೆ ಮಾಡಿದ್ಲು, ಭಾರಿ ಲಾಯ್ಕಿತ್ತು" ಎಂದರು. ಯುದ್ಧದ ನಡುವೆ ಬಸಳೆ ಎಲ್ಲಿಂದ ಸಿಕ್ಕಿತೋ ಅವಳಿಗೆ. ಅದಿತಿ ನನ್ನ ಮುಖ ನೋಡಿ, "ಅಮ್ಮ, ಯು ಆರ್ ಸೋ ಜೆಲಸ್" ಎಂದಳು. ಅವಳು ನಕ್ಕು ಎಷ್ಟೋ ದಿನವಾಗಿತ್ತು, ಹಾಗಾಗಿ ಬೈಯಲಿಲ್ಲ.

ಒಂದು ಮಧ್ಯಾಹ್ನ ಟಿವಿಯಲ್ಲಿ ಬಹರೈನಿನ ಹೊಗೆ ತೋರಿಸಿದರು. ಇವರದ್ದು ಫೋನ್ ಸಿಕ್ಕಿತು, ಸಿತ್ರಾದಲ್ಲಿ ತೊಂದರೆ ಇಲ್ಲ, ಹರೀಶನೂ ಆಫೀಸಿನಲ್ಲಿದ್ದಾನೆ ಎಂದರು. ವೀಣಾಳ ಫೋನ್ ಹೋಗುತ್ತಿರಲಿಲ್ಲ. ಅವಳು ಮನೆಯಲ್ಲಿ ಒಬ್ಬಳೇ. ದೇವರ ಮುಂದೆ ಕೂರೋಣವೆಂದರೆ ನನ್ನ ದೇವರು ಅವಳ ಹತ್ತಿರ. ಖಾಲಿ ಹಾಸಿಗೆಯನ್ನೇ ಮಣೆಯ ಮೇಲಿಟ್ಟು ಅದರ ಮುಂದೆ ಕೂತೆ. ಕೃಷ್ಣನಿಗೆ ಏನೂ ಆಗದಿರಲಿ ಎಂದು ಕೇಳಲು ಕೂತವಳು ನಾನು. ಬಾಯಿಗೆ ಬಂದದ್ದು, "ಕೃಷ್ಣಾ, ಅವಳನ್ನು ನೋಡಿಕೋ" ಎಂದು. ಮತ್ತೆ ಮತ್ತೆ ಅದೇ ಬಂತು. ಅತ್ತೆ ಸದ್ದಿಲ್ಲದೆ ಬಂದು ನನ್ನ ಪಕ್ಕದಲ್ಲಿ ಕೂತರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. "ಅಕ್ಕ, ನೆಟ್‌ವರ್ಕ್ ಇರ್ಲಿಲ್ಲ. ಮೆಟ್ಟಿಲಡಿಯಲ್ಲಿ ಕೂತಿದ್ದೆವು. ನಾವಿಬ್ಬರೂ ಚೆನ್ನಾಗಿದ್ದೇವೆ."

"ಹರೀಶ ಬಂದನಾ?"

"ಇವರು ಆಫೀಸಲ್ಲೇ ಇದ್ದಾರೆ. ನಾನೂ ಕೃಷ್ಣನೂ."

ಕಣ್ಣೀರು ಒರೆಸಿಕೊಂಡು ಪೂರ್ತಿಯಾಗಿರಲಿಲ್ಲ, ಹೊಟ್ಟೆಯೊಳಗೆ ಹಳೆಯ ಕಿಚ್ಚು ಹೊತ್ತಿತು. ನಾವಿಬ್ಬರೂ ಅಂತೆ.

ಯುದ್ಧ ನಿಂತಿತು, ಆಕಾಶ ತೆರೆಯಿತು. ನಾವು ವಿಮಾನದಲ್ಲೇ ಹಿಂದಿರುಗಿದೆವು. ಮನೆಗೆ ಹೋಗುವ ಮೊದಲು ಈಸಾ ಟೌನಿಗೆ ಹೋದೆ. ಕೃಷ್ಣ ಅವಳ ಮೆಟ್ಟಿಲಡಿಯಲ್ಲಿ, ಅವಳ ಮದುವೆ ಸೀರೆಯ ಅಂಚಿನಿಂದ ಹೊಲಿದ ಹಾಸಿಗೆಯ ಮೇಲೆ ಬೆಣ್ಣೆಯ ಉಂಡೆ ಹಿಡಿದು ಕೂತಿದ್ದ. ಆ ಸೀರೆಯನ್ನು ಅವಳು ಯಾರಿಗೂ ಮುಟ್ಟಲು ಕೊಟ್ಟವಳಲ್ಲ. ಅವನನ್ನು ಎತ್ತಿ ನನ್ನ ಸೆರಗಿಗೆ ಹಾಕಿದಳು, ಹಾಸಿಗೆಯನ್ನೂ ಹಾಕಿದಳು. ಒಂದು ಚೀಲ ಕೊಟ್ಟಳು. ಒಳಗೆ ಅರ್ಧ ಮುಗಿದ ಕಾರ್ನ್‌ಫ್ಲೇಕ್ಸ್ ಪೆಟ್ಟಿಗೆ.

"ಬೆಳಿಗ್ಗೆ ಎರಡು ಇಡಿ ಅಕ್ಕ. ಅಭ್ಯಾಸ ಆಗಿದೆ ಅವನಿಗೆ."

"ಇವೆಲ್ಲ ನಮ್ಮಲ್ಲಿ ಇಲ್ಲ ಮಾರಾಯ್ತಿ" ಎಂದೆ.

ಅವಳು ನಕ್ಕು, ಚಹಾ ಮಾಡುತ್ತೇನೆಂದು ಒಳಗೆ ಹೋದಳು. ನಳ್ಳಿಯ ನೀರು ತುಂಬಾ ಹೊತ್ತು ಬೀಳುತ್ತಿತ್ತು. ಚಹಾ ಬರಲಿಲ್ಲ. ನಾನೂ ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಮಿಂದು, ತುಳಸಿ ಕೊಯ್ದು, ಅವಲಕ್ಕಿ ಬೆಲ್ಲ ಹಾಲು ಇಟ್ಟೆ. ಬೊಟ್ಟು ನೇರ ಇಟ್ಟೆ. ಎಲ್ಲ ಮೊದಲಿನ ಹಾಗೇ. ಆದರೂ ಅವನ ಮುಖ ಊದಿದ ಹಾಗೆ ಕಂಡಿತು. ಹೆತ್ತವರಿಗೆ ಗೊತ್ತಾಗುತ್ತದೆ. ಸ್ವಲ್ಪ ಹೊತ್ತು ನೋಡಿದೆ, ಅವನೂ ನೋಡಿದ. ಕೊನೆಗೆ ಚೀಲದಿಂದ ಪೆಟ್ಟಿಗೆ ತೆಗೆದು ಎರಡೇ ಎರಡು ಚೂರು ಬೇರೆ ಬಟ್ಟಲಿಗೆ ಹಾಕಿ ಅವನ ಮುಂದಿಟ್ಟೆ. ಅಷ್ಟರಲ್ಲಿ ಫೋನ್.

"ಅಕ್ಕ, ಎದ್ದನಾ?"

"ಎದ್ದ. ಫೋಟೋ ಕಳಿಸ್ತೇನೆ" ಎಂದೆ.

ಅಂದಿನಿಂದ ದಿನವೂ ಕಳಿಸುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ. ಅವಳು ನೋಡಿದ ಮೇಲೆಯೇ ಕಾಫಿ ಕುಡಿಯುತ್ತಾಳಂತೆ. ಫೋಟೋ ತೆಗೆಯುವಾಗ ಮಾತ್ರ ಕಾರ್ನ್‌ಫ್ಲೇಕ್ಸಿನ ಬಟ್ಟಲನ್ನು ಸ್ವಲ್ಪ ಆಚೆಗೆ ಸರಿಸಿಡುತ್ತೇನೆ.